ಕೈಕಾಲು ಒಪ್ಪಬೇಕಾದದ್ದು ಅಂಗಡಿಯಲ್ಲಿ, ಅಳತೆಗೆ ಸಿಗುವುದು ಆನ್‌ಲೈನ್‌ನಲ್ಲಿ: ಎಲೆಕ್ಟ್ರಾನಿಕ್ ಡ್ರಮ್ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಾನಿಕ್ ಡ್ರಮ್ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಆನ್‌ಲೈನ್‌ನಲ್ಲಿ ತರಿಸಲೇ, ಡೀಲರ್ ಬಳಿಗೆ ಹೋಗಲೇ? ಇಡೀ ಸೆಟ್ಟನ್ನು ಒಂದೇ ವಸ್ತುವೆಂದು ಭಾವಿಸಿದಾಗ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಡ್ರಮ್ ಸೆಟ್ ಎಂದರೆ ಪೆಟ್ಟನ್ನು ಧ್ವನಿಯಾಗಿಸುವ ಒಂದು ಮಾಡ್ಯೂಲ್, ಏಳೆಂಟು ಪ್ಯಾಡ್‌ಗಳು, ಒಂದು ಪೆಡಲ್, ಒಂದು ಲೋಹದ ಚೌಕಟ್ಟು, ಪ್ಯಾಡನ್ನು ಅದಕ್ಕೆ ಕಚ್ಚಿಸುವ ಹಿಡಿಕೆಗಳು, ಕೇಬಲ್‌ಗಳು, ಕೂರುವ ಸ್ಟೂಲ್, ಕಿವಿಗೆ ಹೆಡ್‌ಫೋನ್. ಇವುಗಳಲ್ಲಿ ಕೆಲವನ್ನು ನಿಮ್ಮ ಮಣಿಕಟ್ಟು, ಪಾದಗಳೇ ಒಪ್ಪಬೇಕು. ಉಳಿದವನ್ನು ಅಳತೆ ಸರಿಯಿದ್ದರೆ ನಿಶ್ಚಿಂತೆಯಿಂದ ತರಿಸಬಹುದು. ಎಲ್ಲಿ ಕೊಳ್ಳಬೇಕು ಎಂಬುದನ್ನು ಪ್ರತಿಯೊಂದು ಭಾಗಕ್ಕೂ ಬೇರೆಯಾಗಿ ಕೇಳಿಕೊಳ್ಳಿ ಎಂಬುದೇ ನನ್ನ ಸಲಹೆ. ಅದನ್ನು ಹೇಗೆ ಮಾಡುವುದೆಂದು ಮುಂದೆ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಕೊಳ್ಳುವ ಮುನ್ನ ಕೋಣೆಯ ಲೆಕ್ಕ

ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ. ಸೆಟ್ ಇಡುವ ಜಾಗದ ಉದ್ದ, ಅಗಲ. ಕೆಳಗಿನ ಮಹಡಿಯಲ್ಲಿ ಯಾರಾದರೂ ವಾಸವಾಗಿದ್ದಾರೆಯೇ. ನೀವು ಹೆಡ್‌ಫೋನ್‌ನಲ್ಲಿ ಮಾತ್ರ ನುಡಿಸುತ್ತೀರೋ, ವೇದಿಕೆಗೂ ಒಯ್ಯುತ್ತೀರೋ. ಮುಂದೆ ಜೋಡಿ ಪೆಡಲ್, ಹೆಚ್ಚುವರಿ ಸಿಂಬಲ್ (ತಾಳದಂಥ ತಟ್ಟೆ) ಸೇರಿಸುವ ಯೋಚನೆ ಇದೆಯೇ.

ಇವುಗಳಲ್ಲಿ ಜನ ಕಡೆಗಣಿಸುವುದು ಎರಡನೆಯದನ್ನು. ಎಲೆಕ್ಟ್ರಾನಿಕ್ ಡ್ರಮ್ ಸದ್ದಿಲ್ಲದ ವಾದ್ಯವೆಂಬ ನಂಬಿಕೆ ಅರ್ಧ ಮಾತ್ರ ನಿಜ. ಗಾಳಿಯಲ್ಲಿ ಹರಡುವ ಸದ್ದು ತಗ್ಗುತ್ತದೆ, ಆದರೆ ಕಿಕ್ ಪೆಡಲ್‌ನ ಪ್ರತಿ ತುಳಿತವೂ ನೆಲದೊಳಗೆ ಇಳಿದು ಕೆಳಗಿನ ಮನೆಯ ಚಾವಣಿಯಲ್ಲಿ ಗುದ್ದಿನಂತೆ ಕೇಳಿಸುತ್ತದೆ. ದಪ್ಪ ಚಾಪೆ ಹಾಸಿದರೆ ಇದು ನಿಲ್ಲುವುದಿಲ್ಲ. ಎರಡು ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಹರಡಿ ಮಾಡಿದ ವೇದಿಕೆ ಬಹುಮಟ್ಟಿಗೆ ತಡೆಯುತ್ತದೆ, ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆ ವೇದಿಕೆಗೂ ಜಾಗ ಬೇಕು, ಅಳತೆ ತೆಗೆಯುವಾಗಲೇ ಅದನ್ನು ಸೇರಿಸಿಕೊಳ್ಳಿ.

ಹಂತ 2: ಪಟ್ಟಿಯನ್ನು ಎರಡಾಗಿ ಸೀಳಿ

ಒಂದು ಕಡೆ ಸ್ನೇರ್ ಪ್ಯಾಡ್ (ಮಡಿಲ ಮುಂದಿನ ಮುಖ್ಯ ಡ್ರಮ್), ಹೈ-ಹ್ಯಾಟ್ (ಪಾದದಿಂದ ತೆರೆದು ಮುಚ್ಚುವ ಜೋಡಿ ಸಿಂಬಲ್), ಕಿಕ್ ಪ್ಯಾಡ್ (ಪಾದದಿಂದ ಬಾರಿಸುವ ಡ್ರಮ್), ಪೆಡಲ್, ಸ್ಟೂಲ್, ಮಾಡ್ಯೂಲ್. ಇವೆಲ್ಲ ದೇಹ ತೀರ್ಮಾನಿಸಬೇಕಾದವು. ಇನ್ನೊಂದು ಕಡೆ ಕೇಬಲ್, ಹಿಡಿಕೆ, ಚಾಪೆ, ಡ್ರಮ್ ಕೋಲು, ಇಂಚಿನ ಲೆಕ್ಕದಲ್ಲಿ ಸಿಗುವ ಬದಲಿ ಮೆಶ್ (ಬಲೆಯಂಥ) ಹೊದಿಕೆ, ಈಗಾಗಲೇ ನಿಮ್ಮಲ್ಲಿರುವ ಮಾದರಿಯದೇ ಮತ್ತೊಂದು ಟಾಮ್ (ಸ್ನೇರ್ ಸುತ್ತಲಿನ ಡ್ರಮ್) ಅಥವಾ ಸಿಂಬಲ್ ಪ್ಯಾಡ್. ಇವಕ್ಕೆ ಆನ್‌ಲೈನ್ ಸಾಕು. ಆಯ್ಕೆ ಹೆಚ್ಚಿರುತ್ತದೆ, ಬೆಲೆಗಳನ್ನು ಹೋಲಿಸುವುದೂ ಸುಲಭ. ಹೆಡ್‌ಫೋನ್ ಇವೆರಡರ ನಡುವಿನದು. ಗಂಟೆಗಟ್ಟಲೆ ಕಿವಿಯ ಮೇಲೆ ಕೂರುವ ವಸ್ತುವಾದ್ದರಿಂದ ಒಮ್ಮೆ ಹಾಕಿ ನೋಡುವುದು ಒಳ್ಳೆಯದು.

ಸ್ನೇರ್ ಪ್ಯಾಡನ್ನು ಮುಟ್ಟಿಯೇ ಕೊಳ್ಳಬೇಕೆಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. 1981ರಲ್ಲಿ ಬಂದ ಸಿಮನ್ಸ್ ಕಂಪನಿಯ ಷಟ್ಕೋನದ ಪ್ಯಾಡ್‌ಗಳು ಗಟ್ಟಿ ಪಾಲಿಕಾರ್ಬೊನೇಟ್‌ನಿಂದ ಮಾಡಿದವು. ಧ್ವನಿ ಜಗತ್ತಿಗೆಲ್ಲ ಹಿಡಿಸಿತು, ವಾದಕರ ಮಣಿಕಟ್ಟು ಮಾತ್ರ ನೋಯತೊಡಗಿತು. 1997ರಲ್ಲಿ ರೋಲ್ಯಾಂಡ್ ತನ್ನ ಟಿಡಿ-10 ಮಾಡ್ಯೂಲ್ ಜೊತೆ ಬಲೆಯಂಥ ಮೆಶ್ ಹೊದಿಕೆಯ ಪ್ಯಾಡ್ ತಂದಾಗ ಕೋಲು ಸಹಜವಾಗಿ ಪುಟಿಯತೊಡಗಿತು. ಯಮಾಹಾ ರಬ್ಬರಿನ ಜೊತೆಗೆ ಮೆತ್ತನೆಯ ಸಿಲಿಕೋನ್ ದಾರಿಯನ್ನೂ ಹಿಡಿಯಿತು. ಮೆಶ್‌ನಲ್ಲಿ ಪುಟಿತ ಹೆಚ್ಚು, ಕೈಗೆ ಹಗುರ. ರಬ್ಬರ್ ಗಟ್ಟಿ, ಕೋಣೆಯಲ್ಲಿ ಟಕಟಕ ಸದ್ದು ಜಾಸ್ತಿ. ಸಿಲಿಕೋನ್ ನಡುವಿನದು. ಯಾವುದು ನಿಮ್ಮ ಕೈಗೆ ಒಗ್ಗುತ್ತದೆಂದು ಯಾವ ಚಿತ್ರವೂ ಯಾವ ವಿಡಿಯೊವೂ ಹೇಳಲಾರದು.

ಹಂತ 3: ಅಂಗಡಿಯಲ್ಲಿ ನುಡಿಸಿ ನೋಡುವ ಕ್ರಮ

ನಿಮ್ಮದೇ ಕೋಲು, ನಿಮ್ಮದೇ ಹೆಡ್‌ಫೋನ್, ಪೆಡಲ್ ತುಳಿಯುವಾಗ ನೀವು ಹಾಕುವ ಪಾದರಕ್ಷೆ ಒಯ್ಯಿರಿ. ಅಂಗಡಿಯ ದೊಡ್ಡ ಸ್ಪೀಕರ್‌ನಲ್ಲಿ ಎಲ್ಲ ಸೆಟ್ಟುಗಳೂ ಭರ್ಜರಿಯಾಗಿಯೇ ಮೊಳಗುತ್ತವೆ. ಜನಸಂದಣಿ ಇಲ್ಲದ ವಾರದ ನಡುವಿನ ಬೆಳಗ್ಗೆ ಹೋಗುವುದಾಗಿ ಮೊದಲೇ ತಿಳಿಸಿದರೆ ಡೀಲರ್‌ಗೂ ನಿಮಗಾಗಿ ಸಮಯ ಕೊಡುವುದು ಸಾಧ್ಯವಾಗುತ್ತದೆ.

ಕೂತ ಕೂಡಲೇ ಮಾಡಬೇಕಾದ ಮೊದಲ ಕೆಲಸ, ಮಾಡ್ಯೂಲ್‌ನಲ್ಲಿ ಸರಳವಾದ ಒಂದು ಡ್ರಮ್ ಸೆಟ್ ಆರಿಸಿ ಪ್ರತಿಧ್ವನಿ ಮತ್ತು ಕೋಣೆಯ ಗುಂಗನ್ನು ಪೂರ್ತಿ ತೆಗೆಸುವುದು. ಆ ಗುಂಗು ಪ್ಯಾಡ್‌ನ ತಪ್ಪುಗಳನ್ನೆಲ್ಲ ಮುಚ್ಚಿಡುತ್ತದೆ. ಅದನ್ನು ಕಳೆದ ಒಣ ಧ್ವನಿಯಲ್ಲಿ ಪ್ಯಾಡ್ ಏನು ಕೇಳಿಸಿಕೊಂಡಿತು, ಏನು ಬಿಟ್ಟಿತು ಎಂಬುದು ಬಯಲಾಗುತ್ತದೆ.

ಇನ್ನು ಸ್ನೇರ್. ಕೋಲಿನ ತುದಿಯನ್ನು ಪ್ಯಾಡ್‌ಗಿಂತ ಎರಡು ಬೆರಳಿನಷ್ಟೇ ಮೇಲೆ ಹಿಡಿದು, ಬೀಳಲು ಬಿಟ್ಟಂತೆ ಹಗುರವಾಗಿ ಬಾರಿಸಿ. ಪ್ರತಿ ಪೆಟ್ಟೂ ಕೇಳಿಸುತ್ತದೆಯೇ, ನಾಲ್ಕರಲ್ಲಿ ಒಂದು ನುಂಗಿಹೋಗುತ್ತದೆಯೇ? ಅಲ್ಲಿಂದ ನಿಧಾನವಾಗಿ ಜೋರು ಮಾಡುತ್ತ ಹೋಗಿ. ಧ್ವನಿ ಇಳಿಜಾರಿನಂತೆ ಏರಬೇಕು, ಮೆಟ್ಟಿಲಿನಂತೆ ಹಾರಬಾರದು. ಬಳಿಕ ಅಂಚಿನಿಂದ ನಡುವಿಗೆ ಬಾರಿಸುತ್ತ ಬನ್ನಿ. ಮೆಶ್ ಪ್ಯಾಡ್‌ಗಳಲ್ಲಿ ಹಲವಕ್ಕೆ ಸಂವೇದಕ ಸರಿಯಾಗಿ ಮಧ್ಯದಲ್ಲಿ, ಹೊದಿಕೆಯ ಕೆಳಗೆ ಒಂದು ಫೋಮ್ ಶಂಕುವಿನ ಅಡಿಯಲ್ಲಿರುತ್ತದೆ. ಒಂದೇ ಬಲದ ಪೆಟ್ಟು ನಡುವಿಗೆ ಬಿದ್ದಾಗ ಥಟ್ಟನೆ ಜೋರಾದರೆ ಅದು ಆ ವಿನ್ಯಾಸದ ಗುಣ. ಕೆಲವರಿಗೆ ತೊಂದರೆಯಾಗುವುದಿಲ್ಲ, ನನಗೆ ಆಗುತ್ತದೆ. ಅಂಚಿನ ಪೆಟ್ಟು ಮತ್ತು ಕೋಲನ್ನು ಅಡ್ಡ ಮಲಗಿಸಿ ಹೊಡೆಯುವ ಪೆಟ್ಟು ಎರಡೂ ಬೇರೆ ಬೇರೆ ಧ್ವನಿ ಕೊಡುತ್ತವೆಯೇ ನೋಡಿ. ಕೊನೆಗೆ ಒಂದೇ ಪ್ಯಾಡ್‌ನಲ್ಲಿ ವೇಗವಾಗಿ ಸುರಿಮಳೆಗರೆಯಿರಿ. ಪ್ರತಿ ಪೆಟ್ಟೂ ಅಚ್ಚು ಹಾಕಿದಂತೆ ಒಂದೇ ಆಗಿ ಕೇಳಿಸಿದರೆ ಅದು ಮಾಡ್ಯೂಲ್‌ನ ಬಡತನ, ಪ್ಯಾಡ್‌ನದಲ್ಲ.

ಹೈ-ಹ್ಯಾಟ್‌ಗೆ ಹೆಚ್ಚು ಹೊತ್ತು ಕೊಡಿ, ಸೆಟ್‌ನ ನಿಜವಾದ ಅಂತಸ್ತು ತಿಳಿಯುವುದು ಅಲ್ಲೇ. ಬಲಗೈಯಲ್ಲಿ ಒಂದೇ ಸಮ ನುಡಿಸುತ್ತ ಎಡಪಾದವನ್ನು ಕೂದಲೆಳೆಯಷ್ಟೇ ಸಡಿಲಿಸುತ್ತ ಹೋಗಿ. ಮುಚ್ಚಿದ ಧ್ವನಿಯಿಂದ ತೆರೆದ ಧ್ವನಿಯವರೆಗೆ ನಡುವೆ ಎಷ್ಟು ನೆಲೆಗಳು ಸಿಗುತ್ತವೆ ಎಂದು ಕಿವಿಗೊಡಿ. ಅಗ್ಗದ ಪೆಡಲ್‌ಗಳಲ್ಲಿ ಎರಡೋ ಮೂರೋ ನೆಲೆಗಳಷ್ಟೇ ಇರುತ್ತವೆ. ಪಾದದಿಂದಲೇ ಛಿಕ್ ಎಂದು ಮುಚ್ಚಿ, ಮುಚ್ಚಿದೊಡನೆ ಬಿಟ್ಟು ಚಿಮ್ಮಿಸಿ ನೋಡಿ. ಎರಡೂ ಬೇರೆಯಾಗಿ ಕೇಳಿಸಬೇಕು.

ಕಿಕ್ ಪ್ಯಾಡ್‌ಗೆ ಬಂದರೆ, ಜೋಡಿ ಪೆಡಲ್ ಬೇಕಾದವರು ಪೆಡಲ್‌ನ ಸುತ್ತಿಗೆಗಳಾದ ಎರಡು ಬೀಟರ್‌ಗೂ ಸಾಲುವಷ್ಟು ಅಗಲ ಇದೆಯೇ ನೋಡಿಕೊಳ್ಳಿ. ಆಮೇಲೆ ಕಿಕ್ ಒಂದನ್ನೇ ಬಲವಾಗಿ ತುಳಿಯಿರಿ. ಟಾಮ್ ಅಥವಾ ಸಿಂಬಲ್ ತಾನಾಗಿಯೇ ಸದ್ದು ಮಾಡಿದರೆ ಚೌಕಟ್ಟಿನ ಮೂಲಕ ಕಂಪನ ಹರಿಯುತ್ತಿದೆ ಎಂದರ್ಥ. ಮಾಡ್ಯೂಲ್‌ನ ಕ್ರಾಸ್‌ಟಾಕ್ ಹೊಂದಾಣಿಕೆಯಿಂದ ಇದನ್ನು ಸರಿಪಡಿಸಬಹುದು. ಅದನ್ನು ನಿಮ್ಮ ಕಣ್ಣೆದುರೇ ಮಾಡಿ ತೋರಿಸುವಂತೆ ಡೀಲರನ್ನು ಕೇಳಿ. ಅವರು ಮೆನುವಿನೊಳಗೆ ಹೋಗಿ ಸಲೀಸಾಗಿ ಸರಿಮಾಡಿದರೆ ನಾಳೆ ನಿಮ್ಮ ಪ್ಯಾಡ್ ಮೌನವಾದ ದಿನವೂ ಇವರು ನೆರವಿಗೆ ಬರಬಲ್ಲರು ಎಂದು ಗೊತ್ತಾಗುತ್ತದೆ. ತಡಕಾಡಿದರೆ ಅದೂ ಒಂದು ಉತ್ತರವೇ. ಡೀಲರ್ ಬಳಿ ನೀವು ಹೆಚ್ಚು ಕೊಡುವ ಹಣ ಬಹುಪಾಲು ಈ ತಿಳಿವಳಿಕೆಗೆ.

ಒಮ್ಮೆ ನನ್ನ ಹೈ-ಹ್ಯಾಟ್ ಮುಚ್ಚಿದ್ದರೂ ಅರ್ಧ ತೆರೆದಂತೆ ಕೇಳಿಸತೊಡಗಿತ್ತು. ಎರಡು ವಾರ ಕೇಬಲ್ ಬದಲಿಸಿದೆ, ಮೂಲಸ್ಥಿತಿಗೆ ತಂದು ನೋಡಿದೆ, ಏನೂ ಆಗಲಿಲ್ಲ. ಡೀಲರ್ ಬಳಿಗೆ ಒಯ್ದಾಗ ಅವರು ಒಂದು ಮಾತೂ ಆಡದೆ ಮೇಲಿನ ಹಿಡಿಕೆಯನ್ನು ಸಡಿಲಿಸಿ, ಪ್ಯಾಡನ್ನು ತನ್ನ ಭಾರದಿಂದಲೇ ಕೂರಲು ಬಿಟ್ಟು, ಮಾಡ್ಯೂಲ್ ಪರದೆಯಲ್ಲಿ ಅದರ ಎತ್ತರದ ಅಂಕಿಯನ್ನು ಹೊಸದಾಗಿ ಹೊಂದಿಸಿದರು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಯಾವ ಪಾರ್ಸೆಲ್‌ನಲ್ಲೂ ಬರುವುದಿಲ್ಲ.

ಹಂತ 4: ಯಾವುದು ಯಾವುದರೊಡನೆ ಮಾತಾಡುತ್ತದೆ

ಆನ್‌ಲೈನ್‌ನಲ್ಲಿ ಬಿಡಿ ಭಾಗ ತರಿಸುವವರು ಎಡವುವುದು ಇಲ್ಲಿ. ಪ್ಯಾಡ್‌ಗಳ ಬಹುಪಾಲು ಕೇಬಲ್‌ಗಳ ತುದಿ 6.35 ಮಿಲಿಮೀಟರ್‌ನ ಒಂದೇ ಬಗೆಯ ಪಿನ್. ಹಾಗಾಗಿ ಯಾವ ಪ್ಯಾಡ್ ಯಾವ ಮಾಡ್ಯೂಲ್‌ಗೂ ಸಲ್ಲುತ್ತದೆಂದು ಅನ್ನಿಸುತ್ತದೆ. ಒಳಗಿನ ಭಾಷೆ ಬೇರೆ.

ನಾನು ಹಿಂದೊಮ್ಮೆ ಬೇರೆ ಕಂಪನಿಯ ಮೂರು ವಲಯದ (ಮೈ, ಅಂಚು, ನಡುವಿನ ಉಬ್ಬು ಮೂರೂ ಬೇರೆ ಧ್ವನಿ ಕೊಡುವ) ರೈಡ್ ಸಿಂಬಲ್ ತರಿಸಿದ್ದೆ. ಮೈಮೇಲೆ ಬಾರಿಸಿದರೆ ಧ್ವನಿ ಬರುತ್ತಿತ್ತು, ನಡುವಿನ ಉಬ್ಬಿಗೆ ಬಾರಿಸಿದರೆ ಬರುತ್ತಿರಲಿಲ್ಲ. ದೋಷವಿರುವ ಮಾಲು ಕಳುಹಿಸಿದ್ದೀರಿ ಎಂದು ಮಾರಾಟಗಾರರಿಗೆ ಬರೆದೆ, ಪರೀಕ್ಷಿಸಿಯೇ ಕಳುಹಿಸಿದ್ದೇವೆ ಎಂದು ಅವರು ಬರೆದರು. ಹತ್ತು ದಿನದ ಪತ್ರವ್ಯವಹಾರದ ಬಳಿಕ ತಿಳಿದದ್ದು ಇಷ್ಟು: ಯಮಾಹಾದ ಮೂರು ವಲಯದ ಸಿಂಬಲ್ ಎಲ್ಲ ಸುದ್ದಿಯನ್ನೂ ಒಂದೇ ಕೇಬಲ್‌ನಲ್ಲಿ ಕಳುಹಿಸುತ್ತದೆ, ರೋಲ್ಯಾಂಡ್‌ನ ಸಿವೈ-15ಆರ್‌ನಂಥ ರೈಡ್‌ಗೆ ಎರಡು ಕೇಬಲ್ ಬೇಕು. ಸಿಂಬಲ್‌ನಲ್ಲೂ ತಪ್ಪಿರಲಿಲ್ಲ, ಮಾಡ್ಯೂಲ್‌ನಲ್ಲೂ ತಪ್ಪಿರಲಿಲ್ಲ.

ಆದ್ದರಿಂದ ಬಿಡಿ ಪ್ಯಾಡ್ ತರಿಸುವ ಮುನ್ನ ನಿಮ್ಮ ಮಾಡ್ಯೂಲ್‌ನ ಕೈಪಿಡಿಯನ್ನು ತಯಾರಕರ ಜಾಲತಾಣದಿಂದ ಇಳಿಸಿಕೊಂಡು, ಅದು ಒಪ್ಪುವ ಪ್ಯಾಡ್‌ಗಳ ಪಟ್ಟಿಯನ್ನು ಓದಿ. ಪ್ಯಾಡ್‌ನಲ್ಲಿ ಎಷ್ಟು ವಲಯಗಳಿವೆ, ಅಂಚಿನಲ್ಲಿರುವುದು ಪೆಟ್ಟಿನ ಬಲವನ್ನೂ ಅರಿಯುವ ಪೀಜೊ ಸಂವೇದಕವೋ ಬರಿಯ ಸ್ವಿಚ್ಚೋ ನೋಡಿ. ಎರಡು ವಲಯದ ಪ್ಯಾಡ್‌ಗೆ ಪಿನ್ ಮೇಲೆ ಎರಡು ಕಪ್ಪು ಪಟ್ಟಿ ಇರುವ ಸ್ಟೀರಿಯೊ ಕೇಬಲ್ಲೇ ಬೇಕು. ಒಂದೇ ಪಟ್ಟಿಯ ಕೇಬಲ್ ಹಾಕಿದರೆ ಅಂಚು ಮೂಕವಾಗುತ್ತದೆ. ಮಾಡ್ಯೂಲ್‌ನ ಹಿಂಬದಿಯ ಚಿತ್ರವನ್ನು ಹಿಗ್ಗಿಸಿ ಖಾಲಿ ಕಿಂಡಿಗಳನ್ನು ಎಣಿಸಿ. ರೋಲ್ಯಾಂಡ್ ಟಿಡಿ-17ರಂಥ ಮಾಡ್ಯೂಲ್‌ಗಳಲ್ಲಿ ಎಲ್ಲ ಪ್ಯಾಡ್‌ಗಳೂ 25 ಪಿನ್ನಿನ ಒಂದೇ ದಪ್ಪ ಕೇಬಲ್ ಗೊಂಚಲಿಗೆ ಸೇರುತ್ತವೆ, ಹೆಚ್ಚುವರಿಗೆಂದು ಎರಡೇ ಕಿಂಡಿ ಉಳಿಯುತ್ತವೆ. ರೋಲ್ಯಾಂಡ್‌ನ ಡಿಜಿಟಲ್ ಸ್ನೇರ್‌ಗಳಂತೂ ಯುಎಸ್‌ಬಿ ಮೂಲಕ ಕೆಲವೇ ಮಾಡ್ಯೂಲ್‌ಗಳಿಗೆ ಮಾತ್ರ ಜೋಡಣೆಯಾಗುತ್ತವೆ. ಹಿಡಿಕೆ ಕೊಳ್ಳುವಾಗ ಚೌಕಟ್ಟಿನ ಕೊಳವೆಯ ವ್ಯಾಸವನ್ನು ಅಳೆದೇ ಕೊಳ್ಳಿ.

ಅಡಾಪ್ಟರ್ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಲಿ. ತುದಿ ಹೊಂದಿದರೆ ಸಾಲದು. ಕೆಲವು ಕಂಪನಿಗಳದರಲ್ಲಿ ನಡುವಿನ ತುದಿ ಋಣ, ಕೆಲವದರಲ್ಲಿ ಧನ. ವೋಲ್ಟೇಜ್, ಧ್ರುವ ಎರಡೂ ಮಾಡ್ಯೂಲ್ ಮೇಲೆ ಅಚ್ಚಾಗಿರುವುದಕ್ಕೆ ತಾಳೆಯಾಗಬೇಕು, ಆಂಪಿಯರ್ ಅದಕ್ಕಿಂತ ಕಡಿಮೆ ಇರಬಾರದು. ಬೇರೆ ದೇಶದಿಂದ ತರಿಸುವವರು ಅಡಾಪ್ಟರ್ ತಮ್ಮ ಊರಿನ ವಿದ್ಯುತ್ತಿಗೆ, ಅದು 110 ವೋಲ್ಟ್ ಇರಲಿ 230 ಇರಲಿ, ಸಲ್ಲುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಕಂಪ್ಯೂಟರಿನ ಧ್ವನಿಗಳನ್ನು ನುಡಿಸುವ ಯೋಚನೆ ಇದ್ದವರು ವಿಳಂಬದ ಲೆಕ್ಕವನ್ನೂ ಹಾಕಲಿ. ಕಂಪ್ಯೂಟರ್ ಧ್ವನಿಯನ್ನು ತುಣುಕು ತುಣುಕಾಗಿ ಬಫರ್‌ನಲ್ಲಿ ಕೂಡಿಟ್ಟು ಕಳುಹಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 128 ಮಾದರಿಗಳ ಬಫರ್ ಎಂದರೆ ಸುಮಾರು 3 ಮಿಲಿಸೆಕೆಂಡ್, 512 ಎಂದರೆ 12ರ ಹತ್ತಿರ. ಸದ್ದು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ಬೇಕು. 12 ಮಿಲಿಸೆಕೆಂಡ್ ತಡವೆಂದರೆ ನಾಲ್ಕು ಮೀಟರ್ ದೂರದ ಸ್ನೇರ್ ಬಾರಿಸಿದಂತೆ.

ಹಂತ 5: ಆನ್‌ಲೈನ್ ಪುಟವನ್ನು ಅಕ್ಷರ ಬಿಡದೆ ಓದುವುದು

ಮಾದರಿಯ ಹೆಸರಿನ ಕೊನೆಯ ಅಕ್ಷರಗಳಲ್ಲಿ ಹಣ ಅಡಗಿರುತ್ತದೆ. ರೋಲ್ಯಾಂಡ್ ಟಿಡಿ-17ಕೆವಿ ಮತ್ತು ಟಿಡಿ-17ಕೆವಿಎಕ್ಸ್ ಹೆಸರುಗಳಲ್ಲಿ ಒಂದೇ ಅಕ್ಷರದ ಅಂತರ. ಮೊದಲನೆಯದರಲ್ಲಿ ಹೈ-ಹ್ಯಾಟ್ ಎಂದರೆ ಕೈಗೊಂದು ಪ್ಯಾಡ್, ಪಾದಕ್ಕೊಂದು ಬೇರೆ ಪೆಡಲ್. ಎರಡನೆಯದರಲ್ಲಿ ನಿಜವಾದ ಹೈ-ಹ್ಯಾಟ್ ಸ್ಟ್ಯಾಂಡ್ ಮೇಲೆ ಕೂರುವ ಪ್ಯಾಡ್, ಜೊತೆಗೆ ಇನ್ನೊಂದು ಕ್ರ್ಯಾಶ್ ಸಿಂಬಲ್. ಆದರೆ ಆ ಸ್ಟ್ಯಾಂಡ್ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಕಿಕ್ ಪೆಡಲ್, ಸ್ಟೂಲ್, ಹೆಡ್‌ಫೋನ್ ಕೂಡ ಅನೇಕ ಸೆಟ್ಟುಗಳಲ್ಲಿ ಸೇರಿರುವುದಿಲ್ಲ, ಚಿತ್ರದಲ್ಲಿ ಮಾತ್ರ ಕಾಣುತ್ತವೆ. ‘ಪೆಟ್ಟಿಗೆಯಲ್ಲಿ ಏನಿದೆ’ ಎಂಬ ಪಟ್ಟಿಯನ್ನು ನಿಮ್ಮ ಹಾಳೆಯ ಪಕ್ಕ ಇಟ್ಟು ಒಂದೊಂದಾಗಿ ಗುರುತು ಹಾಕಿ. ಇಲ್ಲದಿರುವ ವಸ್ತುಗಳ ಬೆಲೆ ಸೇರಿಸಿದ ಮೇಲೆಯೇ ಅಂಗಡಿಯ ಬೆಲೆಗೆ ಹೋಲಿಸಿ. ಆಗ ಅನೇಕ ಬಾರಿ ಅಂತರ ಕರಗಿಹೋಗುತ್ತದೆ.

ಜಾಲತಾಣ ಒಬ್ಬರದು, ಮಾರುವವರು ಇನ್ನೊಬ್ಬರು ಇರಬಹುದು. ಆ ಮಾರಾಟಗಾರರು ಅಧಿಕೃತ ವಿತರಕರೇ ಎಂದು ತಯಾರಕರ ತಾಣದಲ್ಲೇ ಹುಡುಕಿ ನೋಡಿ. ವಾರಂಟಿ ಅನೇಕ ವೇಳೆ ಕೊಂಡ ದೇಶಕ್ಕಷ್ಟೇ ಸೀಮಿತ. ಹಿಂತಿರುಗಿಸುವ ನಿಯಮದಲ್ಲಿ ಮೂರು ಸಂಗತಿ ಹುಡುಕಿ: ಎಷ್ಟು ದಿನ, ತೆರೆದು ಜೋಡಿಸಿದ ಸೆಟ್ಟನ್ನು ತೆಗೆದುಕೊಳ್ಳುತ್ತಾರೆಯೇ, ಸಾಗಣೆಯ ಖರ್ಚು ಯಾರದು. ಹತ್ತಾರು ಕಿಲೋ ತೂಗುವ ಪೆಟ್ಟಿಗೆಯನ್ನು ನಿಮ್ಮ ಖರ್ಚಿನಲ್ಲಿ ವಾಪಸ್ ಕಳುಹಿಸಬೇಕಾದರೆ ‘ಉಚಿತ ವಾಪಸಾತಿ’ ಎಂಬ ದೊಡ್ಡ ಅಕ್ಷರಕ್ಕೆ ಅರ್ಥ ಉಳಿಯುವುದಿಲ್ಲ.

ವಿಮರ್ಶೆಗಳಲ್ಲಿ ಕೊಂಡ ದಿನವೇ ಬರೆದ ಹೊಗಳಿಕೆಯನ್ನು ದಾಟಿ, ಆರು ತಿಂಗಳು ಬಳಸಿ ಬರೆದವನ್ನು ಓದಿ. ವಿಡಿಯೊಗಳಲ್ಲಿ ಮಾಡ್ಯೂಲ್‌ನಿಂದ ನೇರವಾಗಿ ಧ್ವನಿ ತೆಗೆದುಕೊಂಡವನ್ನು ಕೇಳಿ. ಧ್ವನಿಯ ಮಟ್ಟಿಗೆ ಅವು ಅಂಗಡಿಗಿಂತಲೂ ನಂಬಿಕಸ್ಥ.

ಹಂತ 6: ಡೀಲರ್ ಜೊತೆ ಬೆಲೆಯ ಮಾತು

ಅಂಗಡಿಯಲ್ಲಿ ಒಂದು ಗಂಟೆ ನುಡಿಸಿ, ಅವರಿಂದ ಎಲ್ಲ ಹೇಳಿಸಿಕೊಂಡು, ಬಾಗಿಲು ದಾಟುತ್ತಲೇ ಮೊಬೈಲ್‌ನಲ್ಲಿ ಬೇರೆಯವರಿಂದ ತರಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಅವರ ಸಮಯಕ್ಕೂ ಬೆಲೆಯಿದೆ. ಆನ್‌ಲೈನ್ ಬೆಲೆಯನ್ನು ಮುಚ್ಚಿಡದೆ ಅವರ ಮುಂದಿಡಿ. ಅಷ್ಟಕ್ಕೇ ಕೊಡಿ ಎಂದು ಜಗ್ಗುವುದಕ್ಕಿಂತ, ಸ್ಟೂಲ್ ಸೇರಿಸಿಕೊಡುತ್ತೀರಾ, ಮನೆಗೆ ಬಂದು ಜೋಡಿಸುತ್ತೀರಾ, ದುರಸ್ತಿಗೆ ಕೊಟ್ಟಾಗ ಬದಲಿ ಪ್ಯಾಡ್ ಕೊಡುತ್ತೀರಾ ಎಂದು ಕೇಳಿ. ಬೆಲೆ ಇಳಿಸಲಾಗದ ಡೀಲರ್ ಇವುಗಳಲ್ಲಿ ಎರಡಕ್ಕಾದರೂ ಒಪ್ಪುವುದುಂಟು. ಒಪ್ಪಿದ್ದನ್ನು ಬಿಲ್ ಮೇಲೆ ಬರೆಸಿಕೊಳ್ಳಿ.

ಪ್ರದರ್ಶನಕ್ಕಿಟ್ಟ ಸೆಟ್ಟನ್ನು ಕಡಿಮೆಗೆ ಕೊಡುತ್ತೇವೆ ಎಂದರೆ ಅದನ್ನು ಹಳೆಯ ಮಾಲಿನಂತೆಯೇ ಪರೀಕ್ಷಿಸಿ.

ಹಂತ 7: ಬಳಸಿದ ಮಾಲು

ಮೆಶ್ ಹೊದಿಕೆ ಸಡಿಲವಾಗಿದ್ದರೆ ಚಿಂತೆಯಿಲ್ಲ, ಬದಲಿಸಬಹುದು. ಅದರ ಕೆಳಗಿನ ಫೋಮ್ ಶಂಕು ಚಪ್ಪಟೆಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ. ಸಿಂಬಲ್‌ನ ಅಂಚನ್ನು ಹಿಸುಕಿ ಧ್ವನಿ ನಿಲ್ಲುತ್ತದೆಯೇ ಪರೀಕ್ಷಿಸಿ. ಕೆಲವು ಮಾದರಿಗಳಲ್ಲಿ ಅಂಚಿನ ಸಂವೇದಕ ವಾದಕನ ಕಡೆಯ ಭಾಗಕ್ಕಷ್ಟೇ ಇರುತ್ತದೆ, ಇನ್ನೊಂದು ಕಡೆ ನಿಲ್ಲದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಮಾಡ್ಯೂಲ್‌ನ ಗುಂಡಿ ತಿರುಗಿಸುವಾಗ ಅಂಕಿ ಹಿಂದುಮುಂದಾಗಿ ನೆಗೆಯುತ್ತಿದ್ದರೆ, ಹೆಡ್‌ಫೋನ್ ಪಿನ್ ಅಲುಗಿಸಿದಾಗ ಕರಕರ ಎನ್ನುತ್ತಿದ್ದರೆ ದುರಸ್ತಿಯ ಖರ್ಚನ್ನು ಬೆಲೆಯಿಂದ ಕಳೆಯಿರಿ. ಬಳಸಿದ ಮಾಡ್ಯೂಲನ್ನು ನೋಡದೆ ತರಿಸಬೇಡಿ.

ಹಂತ 8: ಪೆಟ್ಟಿಗೆ ಬಂದ ದಿನ

ತೆರೆಯುವ ಮೊದಲು ಪೆಟ್ಟಿಗೆಯ ಆರೂ ಮುಖಗಳ ಚಿತ್ರ ತೆಗೆಯಿರಿ. ಅಂಟುಪಟ್ಟಿ ಸೀಳುವಲ್ಲಿಂದ ಕೊನೆಯ ಚೀಲ ಬಿಚ್ಚುವವರೆಗೆ ವಿಡಿಯೊ ಓಡುತ್ತಿರಲಿ. ಸೀರಿಯಲ್ ನಂಬರ್ ಬಿಲ್ಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ವಾಪಸಾತಿಯ ಅವಧಿ ಮುಗಿಯುವವರೆಗೆ ಪೆಟ್ಟಿಗೆ, ಥರ್ಮೋಕೋಲ್ ಯಾವುದನ್ನೂ ಎಸೆಯಬೇಡಿ.

ಚೌಕಟ್ಟಿನ ತಿರುಪುಗಳನ್ನು ಮೊದಲು ಕೈಯಿಂದಷ್ಟೇ ಬಿಗಿದು, ಸ್ಟೂಲ್ ಮೇಲೆ ಕೂತು, ಕಣ್ಣು ಮುಚ್ಚಿ ಕೈ ಚಾಚಿದಲ್ಲಿ ಸ್ನೇರ್ ಸಿಗುವಂತೆ ಹೊಂದಿಸಿಕೊಳ್ಳಿ. ಆಮೇಲೆ ಕೀಲಿಯಿಂದ ಬಿಗಿಯಿರಿ. ಅದೇ ದಿನ ಪ್ರತಿ ಪ್ಯಾಡ್‌ನ ಪ್ರತಿ ವಲಯವನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಬಾರಿಸಿ ಹಾಳೆಯಲ್ಲಿ ಗುರುತಿಸಿ. ಮೂಕವಾದ ಪ್ಯಾಡ್ ಕಂಡರೆ ಮಾರಾಟಗಾರರಿಗೆ ಬರೆಯುವ ಮೊದಲು ಅದರ ಕೇಬಲನ್ನು ಚೆನ್ನಾಗಿ ಕೆಲಸ ಮಾಡುತ್ತಿರುವ ಟಾಮ್ ಒಂದಕ್ಕೆ ಚುಚ್ಚಿ. ಟಾಮ್ ಸದ್ದು ಮಾಡಿದರೆ ಕೇಬಲ್ಲೂ ಕಿಂಡಿಯೂ ಸರಿಯಿವೆ, ತೊಂದರೆ ಪ್ಯಾಡ್‌ನಲ್ಲಿದೆ. ಟಾಮ್ ಕೂಡ ಮೂಕವಾದರೆ ಕೇಬಲ್ ಬದಲಿಸಿ ನೋಡಿ, ಆಗಲೂ ಮಾತಾಡದಿದ್ದರೆ ಮಾಡ್ಯೂಲ್‌ನ ಆ ಕಿಂಡಿಯನ್ನು ಶಂಕಿಸಿ. ಈ ಮೂರು ಸಾಲನ್ನು ಸೇರಿಸಿ ಬರೆದ ದೂರಿಗೆ ಉತ್ತರ ಬೇಗ ಬರುತ್ತದೆ, ‘ಕೇಬಲ್ ಬದಲಿಸಿ ನೋಡಿ’ ಎಂಬ ಒಂದು ಸುತ್ತು ತಪ್ಪುತ್ತದೆ.

ಮಾಡ್ಯೂಲ್‌ನ ಫರ್ಮ್‌ವೇರ್‌ಗೆ (ಒಳಗಿನ ತಂತ್ರಾಂಶಕ್ಕೆ) ಹೊಸ ಆವೃತ್ತಿ ಬಂದಿದೆಯೇ ಎಂದು ತಯಾರಕರ ತಾಣದಲ್ಲಿ ನೋಡಿ. ಇದ್ದರೆ ಅವರ ಸೂಚನೆಯಂತೆ ಹಾಕಿಕೊಳ್ಳಿ. ಒಂದು ವಾರ ನುಡಿಸಿದ ಮೇಲೆ ಕೀಲಿ ಹಿಡಿದು ಎಲ್ಲ ಹಿಡಿಕೆಗಳನ್ನೂ ಇನ್ನೊಮ್ಮೆ ಬಿಗಿಯಿರಿ. ಹೊಸ ಚೌಕಟ್ಟು ಪೆಟ್ಟಿನ ಮೇಲೆ ಪೆಟ್ಟು ಬಿದ್ದಂತೆ ಕೂತುಕೊಳ್ಳುತ್ತದೆ, ಮೊದಲು ಸಡಿಲವಾಗುವುದು ಸಾಮಾನ್ಯವಾಗಿ ನೀವು ಹೆಚ್ಚು ಬಾರಿಸುವ ಕ್ರ್ಯಾಶ್ ಸಿಂಬಲ್‌ನ ತೋಳು.